ಯುದ್ಧಕ್ಕೆ ಹೋದ ಗೆಳೆಯನಿಗೆ ಏನು ಬರೆಯಬೇಕು?

ಸೈನಿಕರ ಪತ್ರ ಅಂದ ಕೂಡಲೇ ನಮಗೆ ನೆನಪಾಗುವುದು ಅಮ್ಮನಿಗೆ ಬರೆದದ್ದು, ಹೆಂಡತಿಗೆ ಬರೆದದ್ದು. ಸಂಗ್ರಹಗಳಲ್ಲಿ ಜಾಸ್ತಿ ಸಿಗುವುದೂ ಅವೇ. ಮನೆಯವರು ಅವನ್ನು ಪೆಟ್ಟಿಗೆಯಲ್ಲಿಟ್ಟು ಕಾಪಾಡಿರುತ್ತಾರೆ. ಮೊಮ್ಮಕ್ಕಳ ಕಾಲಕ್ಕೆ ಅವು ಮ್ಯೂಸಿಯಂ ಸೇರುತ್ತವೆ. ಗೆಳೆಯರಿಗೆ ಬರೆದ ಪತ್ರಗಳಿಗೆ ಆ ಭಾಗ್ಯ ಕಡಿಮೆ. ಅವು ಕೈಯಿಂದ ಕೈಗೆ ಹೋಗುತ್ತವೆ, ಯಾರದೋ ಜೇಬಿನಲ್ಲಿ ಮಡಿಕೆ ಬಿಟ್ಟು ಹರಿಯುತ್ತವೆ. ನನಗೆ ಓದಬೇಕು ಅನಿಸುವುದು ಮಾತ್ರ ಅವನ್ನೇ. ಅಮ್ಮನಿಗೆ ಹೇಳದ ಮಾತನ್ನು ಹುಡುಗರು ಗೆಳೆಯನಿಗೆ ಹೇಳುತ್ತಾರೆ.

ಮೊದಲ ಮಹಾಯುದ್ಧದ ಕಾಲದ, 1915ರ ಮೇ ತಿಂಗಳ ಒಂದು ಕಾಗದ ಇದೆ. ಫ್ರಾನ್ಸಿನಲ್ಲಿ ಬ್ರಿಟಿಷರ ಪರ ಹೋರಾಡುತ್ತಿದ್ದ ಪಂಜಾಬಿನ ಒಬ್ಬ ಹವಾಲ್ದಾರ, ಬಲೂಚಿಸ್ತಾನದಲ್ಲಿದ್ದ ತನ್ನ ಕಡೆಯವನೊಬ್ಬನಿಗೆ ಬರೆದದ್ದು. ಅವನೂ ಸಿಪಾಯಿಯೇ. ಯುರೋಪಿನ ಈ ಯುದ್ಧಕ್ಕೆ ಮಾತ್ರ ಬರಬೇಡ, ದೇವರಾಣೆ ಬರಬೇಡ ಅಂತ ಮತ್ತೆ ಮತ್ತೆ ಬೇಡಿಕೊಳ್ಳುತ್ತಾನೆ. ಜೊತೆಗೆ ಇನ್ನೊಂದು ಮಾತು: ನನ್ನ ತಮ್ಮನಿಗೂ ಸೈನ್ಯ ಸೇರಬೇಡ ಅಂತ ಹೇಳಿಬಿಡು.

ತಮ್ಮನಿಗೆ ಹೇಳಬೇಕಾದ ಮಾತು ತಮ್ಮನಿಗೇ ಹೋಗಿಲ್ಲ, ಗೆಳೆಯನ ಮೂಲಕ ಹೋಗಿದೆ. ಮನೆಗೆ ಬರೆದರೆ ಎಲ್ಲರ ಮುಂದೆ ಓದುತ್ತಾರೆ, ಅಮ್ಮ ಕುಸಿದುಬೀಳುತ್ತಾಳೆ ಅಂತ ಯೋಚಿಸಿರಬಹುದು. ಮನೆಗೆ ಹೋಗುವ ಕಾಗದದಲ್ಲಿ "ನಾನು ಕ್ಷೇಮ, ನೀವೂ ಕ್ಷೇಮವೆಂದು ನಂಬಿದ್ದೇನೆ" ಅಂತ ಬರೆದರೆ ಸಾಕು. ಅಲ್ಲಿ ಹೇಳಲಾಗದ್ದು ಗೆಳೆಯನ ಪಾಲಿಗೆ ಬರುತ್ತದೆ. ಅದು ಭಾರದ ಪಾಲು. ಕೇಳಿಕೊಂಡು ಸುಮ್ನೆ ಇರಬೇಕು, ಮನೆಯವರು ಎದುರು ಸಿಕ್ಕಾಗ ಏನೂ ಗೊತ್ತಿಲ್ಲದವನ ಹಾಗೆ ಮಾತಾಡಬೇಕು.

ಈ ಹವಾಲ್ದಾರನ ಮಾತು ನಮಗೆ ಓದಲು ಸಿಗುವುದಕ್ಕೆ ಕಾರಣ ಸೆನ್ಸಾರ್. ಭಾರತೀಯ ಸಿಪಾಯಿಗಳು 1914ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಮಾರ್ಸೇ ಬಂದರಿಗೆ ಇಳಿದ ಸ್ವಲ್ಪ ದಿನದಲ್ಲೇ ಅವರ ಟಪಾಲು ಓದಲು ಒಂದು ಕಚೇರಿ ಶುರುವಾಯಿತು. ಅದರ ಮುಖ್ಯಸ್ಥ ಎವೆಲಿನ್ ಹೋವೆಲ್. ಉರ್ದು, ಗುರುಮುಖಿ, ಹಿಂದಿ ಕಾಗದಗಳನ್ನು ಆಯ್ದು ಇಂಗ್ಲಿಷಿಗೆ ಮಾಡಿ, ಸಿಪಾಯಿಗಳ ಮನಸ್ಸು ಹೇಗಿದೆ ಅಂತ ಮೇಲಿನವರಿಗೆ ವರದಿ ಕಳಿಸುತ್ತಿದ್ದರು. ಆ ವರದಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಉಳಿದಿವೆ. ಮೂಲ ಕಾಗದಗಳು ಬಹುಪಾಲು ಹೋದವು. ಎಷ್ಟೋ ಸಿಪಾಯಿಗಳ ದನಿ ಉಳಿದಿರುವುದು ಅವರ ಮೇಲೆ ಅನುಮಾನಪಟ್ಟವರ ಕಡತದಲ್ಲಿ ಮಾತ್ರ. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಆ ಸಿಪಾಯಿಗಳಲ್ಲಿ ಹೆಚ್ಚಿನವರಿಗೆ ಓದುಬರಹ ಬರುತ್ತಿರಲಿಲ್ಲ. ಬರಹ ಬಲ್ಲ ಇನ್ನೊಬ್ಬನ ಮುಂದೆ ಕೂತು ಹೇಳಿ ಬರೆಸುತ್ತಿದ್ದರು. ಅತ್ತ ಊರಿನಲ್ಲೂ ಅಕ್ಷರ ಬಲ್ಲವನೊಬ್ಬ ಗಟ್ಟಿಯಾಗಿ ಓದಿ ಹೇಳಬೇಕಿತ್ತು. ನಡುವೆ ಸೆನ್ಸಾರ್. ಇಬ್ಬರು ಗೆಳೆಯರ ಗುಟ್ಟು ಇಷ್ಟು ಜನರ ಕಿವಿ, ಕಣ್ಣು ದಾಟಿ ಹೋಗಬೇಕು. ಅದಕ್ಕೆ ಅವರು ಒಳಮಾತು ಹುಡುಕಿಕೊಂಡರು. ಭಾರತೀಯ ಸೈನಿಕರಿಗೆ ಕರಿಮೆಣಸು ಅಂತ, ಬ್ರಿಟಿಷ್ ಸೈನಿಕರಿಗೆ ಕೆಂಪು ಮೆಣಸಿನಕಾಯಿ ಅಂತ ಬರೆಯುತ್ತಿದ್ದರು. ಕರಿಮೆಣಸು ಮುಗಿಯುತ್ತಾ ಬಂತು ಅಂತ ಬರೆದರೆ ನಮ್ಮವರು ಸಾಯುತ್ತಿದ್ದಾರೆ ಅಂತ ಅರ್ಥ. ಸೆನ್ಸಾರಿನವರಿಗೂ ಇದು ಬೇಗ ತಿಳಿದುಹೋಯಿತು. ಅವರ ವರದಿಯಲ್ಲಿ ಅರ್ಥ ಸಹಿತ ದಾಖಲಾಗಿದೆ.

ಬ್ರಿಟಿಷ್ ಸೈನಿಕರ ಪಾಡು ಇನ್ನೊಂದು ಥರ. ಅವರ ಕಾಗದ ಓದುತ್ತಿದ್ದವನು ದೂರದ ಕಚೇರಿಯ ಅಪರಿಚಿತನಲ್ಲ, ದಿನಾ ಮುಖ ನೋಡುವ ತಮ್ಮದೇ ತುಕಡಿಯ ಕಿರಿಯ ಅಧಿಕಾರಿ. ಬೆಳಿಗ್ಗೆ ಯಾರ ಅಪ್ಪಣೆ ಪಾಲಿಸಬೇಕೋ ಅವನೇ ರಾತ್ರಿ ಮೇಣದಬತ್ತಿ ಹಚ್ಚಿಕೊಂಡು ನಿಮ್ಮ ಕಾಗದ ಓದುತ್ತಾನೆ ಅಂದರೆ ಗೆಳೆಯನಿಗೆ ಏನು ಬರೆಯುತ್ತೀರಿ? ನಿಮ್ಮ ಸಾಹೇಬರ ಬಗ್ಗೆ ಒಂದು ಮಾತೂ ಬರೆಯಲಾಗದು. ಹೆದರಿದ್ದೇನೆ ಅಂತ ಬರೆಯುವುದಕ್ಕೂ ನಾಚಿಕೆ. 1915ರಲ್ಲಿ ಹಸಿರು ಲಕೋಟೆ ಬಂತು. ಇದರಲ್ಲಿ ಖಾಸಗಿ ಮತ್ತು ಮನೆಯ ವಿಷಯ ಬಿಟ್ಟು ಬೇರೇನೂ ಇಲ್ಲ ಅಂತ ಪ್ರಮಾಣ ಮಾಡಿ ಸಹಿ ಹಾಕಿದರೆ ತುಕಡಿಯಲ್ಲಿ ಯಾರೂ ಒಡೆಯುತ್ತಿರಲಿಲ್ಲ. ಯುದ್ಧರಂಗದ ಹಿಂದಿನ ನೆಲೆಯಲ್ಲಿ ಒಡೆದರೂ ಒಡೆದರು, ಆದರೆ ಓದುವವನು ಪರಿಚಯದವನಲ್ಲ. ಅಷ್ಟೇ ಸಮಾಧಾನ. ಈ ಲಕೋಟೆ ಕೇಳಿದಷ್ಟು ಸಿಗುತ್ತಿರಲಿಲ್ಲ. ಸಿಕ್ಕ ಒಂದನ್ನು ಹೆಂಡತಿಗೆ ಇಡಬೇಕೋ ಗೆಳೆಯನಿಗೋ? ಗೆಳೆಯನ ಸರದಿ ಕೊನೆಗೇ ಬರುವುದು.

ಗೆಳೆಯರಿಗೆ ಹೆಚ್ಚಾಗಿ ಹೋಗುತ್ತಿದ್ದದ್ದು ಇನ್ನೊಂದು ವಸ್ತು, ಫೀಲ್ಡ್ ಸರ್ವಿಸ್ ಪೋಸ್ಟ್ ಕಾರ್ಡ್. ಅಂಗೈಯಗಲದ ಅಚ್ಚು ಹಾಕಿದ ಕಾರ್ಡು. ಅದರಲ್ಲಿ ವಾಕ್ಯಗಳನ್ನು ಮೊದಲೇ ಮುದ್ರಿಸಿರುತ್ತಾರೆ. ನಾನು ಚೆನ್ನಾಗಿದ್ದೇನೆ. ಆಸ್ಪತ್ರೆಗೆ ಸೇರಿದ್ದೇನೆ, ಅದರ ಕೆಳಗೆ ಕಾಯಿಲೆ ಅಥವಾ ಗಾಯ. ಚೇತರಿಸಿಕೊಳ್ಳುತ್ತಿದ್ದೇನೆ. ನಿಮ್ಮ ಪತ್ರ, ತಂತಿ, ಪಾರ್ಸೆಲ್ ಬಂತು. ಸಮಯ ಸಿಕ್ಕ ಕೂಡಲೇ ಪತ್ರ ಬರೆಯುತ್ತೇನೆ. ಬೇಡದ ಸಾಲನ್ನು ಹೊಡೆದುಹಾಕಿ, ಕೆಳಗೆ ಸಹಿ ಮತ್ತು ತಾರೀಖು ಹಾಕಬೇಕು. ಬೇರೆ ಒಂದಕ್ಷರ ಬರೆದರೂ ಕಾರ್ಡನ್ನು ನಾಶ ಮಾಡಲಾಗುವುದು ಅಂತ ಮೇಲೇ ಎಚ್ಚರಿಕೆ. ಒಂದು ಪೆನ್ಸಿಲ್ ತುಂಡಿದ್ದರೆ ಅರ್ಧ ನಿಮಿಷದಲ್ಲಿ ಮುಗಿಯುವ ಕೆಲಸ. ದೊಡ್ಡ ದಾಳಿಯ ಹಿಂದಿನ ದಿನ, ದಾಳಿಯಿಂದ ಬದುಕಿ ಬಂದ ಮಾರನೇ ದಿನ, ಇವು ರಾಶಿ ರಾಶಿ ಹೋಗುತ್ತಿದ್ದವು.

ಈ ಕಾರ್ಡಿನ ಕೊನೆಯ ಸಾಲು ನನಗೆ ತುಂಬ ನಾಟಿತು. ನಿಮ್ಮಿಂದ ನನಗೆ ಇತ್ತೀಚೆಗೆ ಪತ್ರ ಬಂದಿಲ್ಲ. ಅದರ ಕೆಳಗೆ ಇನ್ನೊಂದು ಆಯ್ಕೆ, ಬಹಳ ಕಾಲದಿಂದ ಪತ್ರ ಬಂದಿಲ್ಲ. ಸೈನಿಕ ತನ್ನ ಬಗ್ಗೆ ಏನು ಹೇಳಬಹುದು ಅಂತ ಅಳೆದು ತೂಗಿ ನಾಲ್ಕೈದು ಸಾಲು ಕೊಟ್ಟ ಸೈನ್ಯ, ಅದರಲ್ಲಿ ಒಂದು ಸಾಲನ್ನು ಈ ದೂರಿಗೆ ಮೀಸಲಿಟ್ಟಿದೆ. ಮಣ್ಣಿನ ಬಗ್ಗೆ, ಚಳಿಯ ಬಗ್ಗೆ, ಸತ್ತವರ ಬಗ್ಗೆ ಹೇಳಲು ಅದರಲ್ಲಿ ಜಾಗವಿಲ್ಲ. ನೀನು ನನಗೆ ಬರೆದಿಲ್ಲ ಅನ್ನುವುದಕ್ಕೆ ಇದೆ. ಎಲ್ಲ ಸಾಲುಗಳನ್ನೂ ಹೊಡೆದು ಈ ಒಂದನ್ನು ಮಾತ್ರ ಉಳಿಸಿ ಕಳಿಸಿದ ಕಾರ್ಡು ಊರಿನ ಗೆಳೆಯನ ಕೈಗೆ ಬಂದರೆ ಅವನಿಗೆ ಹೇಗಾಗಬೇಡ!

ಊರಿನಲ್ಲಿ ಗೆಳೆಯರೇ ಉಳಿಯದಿದ್ದ ಕತೆಯೂ ಒಂದಿದೆ. 1914ರಲ್ಲಿ ಬ್ರಿಟನ್ನಿನ ಯುದ್ಧಮಂತ್ರಿ ಲಾರ್ಡ್ ಕಿಚನರ್ ಲಕ್ಷಗಟ್ಟಲೆ ಸ್ವಯಂಸೇವಕರನ್ನು ಕರೆದಾಗ, ಒಟ್ಟಿಗೆ ಸೇರಿದರೆ ಒಟ್ಟಿಗೇ ಇರಬಹುದು ಅನ್ನುವ ಭರವಸೆ ಕೊಟ್ಟರು. ಒಂದೇ ಊರಿನ, ಒಂದೇ ಗಿರಣಿಯ, ಒಂದೇ ಫುಟ್‌ಬಾಲ್ ತಂಡದ ಹುಡುಗರು ಸಾಲಾಗಿ ನಿಂತು ಹೆಸರು ಕೊಟ್ಟರು. ಅವನ್ನು ಪಾಲ್ಸ್ ಬೆಟಾಲಿಯನ್ ಅಂತ ಕರೆಯುತ್ತಿದ್ದರು, ಅಂದರೆ ದೋಸ್ತಿಗಳ ಪಲ್ಟನ್. ಲ್ಯಾಂಕಶೈರಿನ ಆಕ್ರಿಂಗ್ಟನ್ ಎಂಬ ಸಣ್ಣ ಜವಳಿ ಪಟ್ಟಣವೂ ಸುತ್ತಲಿನ ಊರುಗಳ ಹುಡುಗರನ್ನು ಸೇರಿಸಿಕೊಂಡು ಇಂಥದೊಂದು ಪಲ್ಟನ್ ಕಟ್ಟಿತು.

1916ರ ಜುಲೈ 1, ಫ್ರಾನ್ಸಿನಲ್ಲಿ ನಡೆದ ಸೋಮ್ ಕದನದ ಮೊದಲ ದಿನ. ಸೆರ್ ಎಂಬ ಹಳ್ಳಿಯ ಮುಂದೆ ಆಕ್ರಿಂಗ್ಟನ್ನಿನ ಸುಮಾರು 720 ಹುಡುಗರು ಕಂದಕದಿಂದ ಮೇಲೆದ್ದು ನಡೆದರು. ಅವರಲ್ಲಿ 584 ಮಂದಿ ಸತ್ತರು, ಗಾಯಗೊಂಡರು ಅಥವಾ ಕಾಣೆಯಾದರು. ಬಹುಪಾಲು ಮೊದಲ ಅರ್ಧ ಗಂಟೆಯಲ್ಲೇ. ಊರಿಗೆ ಸರ್ಕಾರದ ಕಡೆಯಿಂದ ಸರಿಯಾದ ಸುದ್ದಿ ಬರಲಿಲ್ಲ. ಪತ್ರಿಕೆಗಳು ಮೊದಲು ಗೆಲುವಿನ ಮಾತಾಡಿದವು. ನಿಜ ಗೊತ್ತಾಗುತ್ತಾ ಹೋದದ್ದು ಆಸ್ಪತ್ರೆಗಳಲ್ಲಿ ಮಲಗಿದ್ದವರು ಬರೆದ ಕಾಗದಗಳಿಂದ. ಪಕ್ಕದಲ್ಲಿ ನಡೆಯುತ್ತಿದ್ದ ಗೆಳೆಯ ಎಲ್ಲಿ ಬಿದ್ದ ಅಂತ ಬದುಕಿದವನು ಅವನ ಮನೆಗೆ ಬರೆಯಬೇಕು. ಇಂಥ ಪಲ್ಟನ್ನುಗಳಲ್ಲಿ ಸೈನಿಕನ ಗೆಳೆಯರೆಲ್ಲ ಅವನ ಪಕ್ಕದಲ್ಲೇ ಇದ್ದರು. ಕಾಗದದ ಹಂಗಿರಲಿಲ್ಲ. ಒಂದೇ ಬೆಳಿಗ್ಗೆ ಅವರೆಲ್ಲ ಹೋದ ಮೇಲೆ, ಉಳಿದವನಿಗೆ ಮನೆಯವರ ಹೊರತು ಬರೆಯಲು ಯಾರೂ ಇರಲಿಲ್ಲ.

ಗೆಳೆಯನ ಸಾವು ಗೆಳೆಯನಿಗೆ ತಿಳಿಯುವ ದಾರಿಯೇ ಬೇರೆ. ಇದರ ಬಗ್ಗೆ ಯಾರೂ ಜಾಸ್ತಿ ಬರೆದಿಲ್ಲ ಅನಿಸುತ್ತದೆ. ಸೈನಿಕ ಸತ್ತರೆ ಸೈನ್ಯ ತಿಳಿಸುವುದು ಹತ್ತಿರದ ಬಂಧುವಿಗೆ. ಮೊದಲ ಮಹಾಯುದ್ಧದ ಬ್ರಿಟನ್ನಿನಲ್ಲಿ ಅಧಿಕಾರಿ ಸತ್ತರೆ ಮನೆಗೆ ತಂತಿ ಬರುತ್ತಿತ್ತು, ಸಾಮಾನ್ಯ ಸೈನಿಕ ಸತ್ತರೆ ಅಂಚೆಯಲ್ಲಿ ಒಂದು ಫಾರಂ. ಪದಕ, ಪಿಂಚಣಿ, ಜೇಬಿನಲ್ಲಿದ್ದ ವಸ್ತುಗಳು ಎಲ್ಲವೂ ಬಂಧುಗಳಿಗೆ. ಸರಿಯೇ, ಅದು ಹಾಗೇ ಇರಬೇಕು. ಆದರೆ ಒಂದೇ ಬೆಂಚಿನಲ್ಲಿ ಕೂತು ಬೆಳೆದವನಿಗೆ ಯಾವ ಕಚೇರಿಯೂ ಏನನ್ನೂ ತಿಳಿಸುವುದಿಲ್ಲ. ಬೇರೆ ಊರಿಗೆ ಹೋಗಿ ನೆಲೆಸಿದ್ದರಂತೂ ಕೇಳುವುದೇ ಬೇಡ. ಎಷ್ಟೋ ಜನರಿಗೆ ಗೊತ್ತಾದದ್ದು ತಾವೇ ಬರೆದ ಕಾಗದ ಒಡೆಯದೆ ವಾಪಸ್ ಬಂದಾಗ. ಲಕೋಟೆಯ ಮೇಲೆ ತಮ್ಮದೇ ಕೈಬರಹ, ಅದರ ಮೇಲೆ ಅಡ್ಡಡ್ಡ ಇನ್ಯಾರೋ ಬರೆದ ಒಂದೆರಡು ಪದ, ಯುದ್ಧದಲ್ಲಿ ಸತ್ತಿದ್ದಾನೆ.

ಹೀಗೆ ವಾಪಸ್ ಬಂದದ್ದಕ್ಕಿಂತ ತಲುಪಿದ್ದೇ ಜಾಸ್ತಿ. ಅದಕ್ಕಾಗಿ ಪಟ್ಟ ಶ್ರಮ ನೆನೆದರೆ ಆಶ್ಚರ್ಯವಾಗುತ್ತದೆ. ಲಂಡನ್ನಿನ ರೀಜೆಂಟ್ಸ್ ಪಾರ್ಕಿನಲ್ಲಿ ಐದು ಎಕರೆ ಜಾಗದಲ್ಲಿ ಮರದ ಕಟ್ಟಡವೊಂದನ್ನು ಎಬ್ಬಿಸಿ ಸೈನಿಕರ ಟಪಾಲು ವಿಂಗಡಿಸುತ್ತಿದ್ದರು. ಕೆಲಸಗಾರರಲ್ಲಿ ಹೆಚ್ಚಿನವರು ಹೆಂಗಸರು. ಕೆಲಸ ತುಂಬಿದ ಕಾಲದಲ್ಲಿ ವಾರಕ್ಕೆ 1.2 ಕೋಟಿ ಪತ್ರ, 10 ಲಕ್ಷ ಪಾರ್ಸೆಲ್. ಯಾವ ಪಲ್ಟನ್ ಇವತ್ತು ಎಲ್ಲಿದೆ ಅನ್ನುವುದು ಗುಟ್ಟು, ಅದು ಬದಲಾಗುತ್ತಲೂ ಇರುತ್ತದೆ. ಆದರೂ ಲಂಡನ್ನಿನಿಂದ ಹೊರಟ ಕಾಗದ ಎರಡು ಮೂರು ದಿನದಲ್ಲಿ ಫ್ರಾನ್ಸಿನ ಕಂದಕ ತಲುಪುತ್ತಿತ್ತು.

ಎರಡನೇ ಮಹಾಯುದ್ಧದಲ್ಲಿ ದೂರ ಜಾಸ್ತಿಯಾಯಿತು, ಹಡಗಿನಲ್ಲಿ ಜಾಗ ಸಾಲದಾಯಿತು. ಬ್ರಿಟನ್ 1941ರಲ್ಲಿ ಏರ್‌ಗ್ರಾಫ್ ಶುರು ಮಾಡಿತು, ಅಮೆರಿಕ 1942ರ ಜೂನಿನಲ್ಲಿ ಅದನ್ನೇ ವಿ-ಮೇಲ್ ಅಂತ ತಂದಿತು. ಒಂದು ಪುಟದ ನಿಗದಿತ ಫಾರಂನಲ್ಲಿ ಕಾಗದ ಬರೆಯಬೇಕು. ಸೆನ್ಸಾರ್ ಆದ ಮೇಲೆ ಅದರ ಫೋಟೊ ತೆಗೆದು ಮೈಕ್ರೋಫಿಲ್ಮ್ ಸುರುಳಿಗೆ ಇಳಿಸುತ್ತಾರೆ. ಸುರುಳಿ ವಿಮಾನದಲ್ಲಿ ಹೋಗುತ್ತದೆ. ಆ ಕಡೆ ಮತ್ತೆ ಕಾಗದದ ಮೇಲೆ ಮೂಡಿಸಿ, ಮೂಲದ ಕಾಲು ಭಾಗದಷ್ಟು ಗಾತ್ರದಲ್ಲಿ ಹಂಚುತ್ತಾರೆ. 37 ಚೀಲ ತುಂಬುವ 1.5 ಲಕ್ಷ ಕಾಗದಗಳು ಒಂದೇ ಚೀಲದಲ್ಲಿ ಹಿಡಿಸುತ್ತಿದ್ದವು. ತೂಕ ಒಂದು ಟನ್ನಿಗಿಂತ ಹೆಚ್ಚಿದ್ದದ್ದು ಸುಮಾರು 20 ಕಿಲೋಗೆ ಇಳಿಯುತ್ತಿತ್ತು. ಹೆಂಗಸರು ತುಟಿಯ ಲಿಪ್‌ಸ್ಟಿಕ್ ಒತ್ತಿ ಕಳಿಸಿದರೆ ಅದರ ಬಣ್ಣ ಯಂತ್ರಕ್ಕೆ ಮೆತ್ತಿಕೊಂಡು ತೊಂದರೆಯಾಗುತ್ತಿತ್ತು. ಗೆಳೆಯರ ದೃಷ್ಟಿಯಿಂದ ನನಗೆ ಕಾಣುವ ಕೊರತೆ ಬೇರೆ. ವಿ-ಮೇಲ್ ಒಳಗೆ ಏನನ್ನೂ ಇಡುವಂತಿರಲಿಲ್ಲ. ಪಂದ್ಯದ ಫಲಿತಾಂಶ ಬಂದ ಪತ್ರಿಕೆಯ ತುಣುಕು, ಯಾರದೋ ಮದುವೆಯ ಫೋಟೊ, ಇಂಥವೇ ತಾನೇ ಗೆಳೆಯರು ಕಾಗದದ ಜೊತೆ ಕಳಿಸುವುದು? ಅದಕ್ಕೆ ಮಾಮೂಲಿ ಅಂಚೆಯೇ ಗತಿ, ಅದು ಹಡಗು ಹಿಡಿದು ನಿಧಾನಕ್ಕೆ ಬರುತ್ತಿತ್ತು.

ಸೋವಿಯತ್ ಸೈನಿಕರಿಗೆ ಲಕೋಟೆಯೇ ಇರಲಿಲ್ಲ. ಬರೆದ ಹಾಳೆಯನ್ನೇ ತ್ರಿಕೋನವಾಗಿ ಮಡಿಚಿ, ಉಳಿದ ಪಟ್ಟಿಯನ್ನು ಒಳಗೆ ಸಿಕ್ಕಿಸಿ, ಮೇಲೆ ವಿಳಾಸ ಬರೆದು ಕಳಿಸುತ್ತಿದ್ದರು. ಸ್ಟಾಂಪು ಬೇಕಿಲ್ಲ, ಅಂಟು ಬೇಕಿಲ್ಲ. ಸೆನ್ಸಾರಿನವನು ಬಿಚ್ಚಿ ಓದಿ, ಮತ್ತೆ ಮಡಿಚಿ, ಪರಿಶೀಲಿಸಿದೆ ಅಂತ ಮುದ್ರೆ ಒತ್ತುತ್ತಿದ್ದ.

1945ರ ಫೆಬ್ರುವರಿಯಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ಗೆ ಬಂದ 6888ನೇ ಅಂಚೆ ಬೆಟಾಲಿಯನ್ನಿನ ಕತೆ ನನಗೆ ಇವೆಲ್ಲಕ್ಕಿಂತ ಹತ್ತಿರ. ಅಮೆರಿಕದ ಸೈನ್ಯದ ಕಪ್ಪು ಮಹಿಳೆಯರ ತುಕಡಿ, 855 ಮಂದಿ. ನಾಯಕತ್ವ ಮೇಜರ್ ಚಾರಿಟಿ ಆಡಮ್ಸ್ ಅವರದು. ಅವರು ಬರುವಷ್ಟರಲ್ಲಿ ಅಲ್ಲಿ ಸುಮಾರು 1.7 ಕೋಟಿ ಪತ್ರ ಮತ್ತು ಪಾರ್ಸೆಲ್ ಕೊಳೆಯುತ್ತಾ ಬಿದ್ದಿದ್ದವು. ಬೆಳಕು ಹೊರಗೆ ಕಾಣದಂತೆ ಕಿಟಕಿಗಳಿಗೆ ಕಪ್ಪು ಬಳಿದ, ಚಳಿ ಹೊಡೆಯುವ ಗೋದಾಮು. ಹಗಲು ರಾತ್ರಿ ಮೂರು ಪಾಳಿ. ಒಂದೊಂದು ಪಾಳಿಯಲ್ಲಿ ಸುಮಾರು 65,000 ಪತ್ರ. ಆರು ತಿಂಗಳ ಗಡುವು ಕೊಟ್ಟಿದ್ದ ಕೆಲಸವನ್ನು ಅವರು ಮೂರೇ ತಿಂಗಳಲ್ಲಿ ಮುಗಿಸಿದರು. ಆಮೇಲೆ ಫ್ರಾನ್ಸಿನ ರೂವಾನ್ ಪಟ್ಟಣಕ್ಕೆ ಹೋಗಿ ಅಲ್ಲಿನ ರಾಶಿಗೂ ಕೈ ಹಾಕಿದರು.

ಆ ರಾಶಿಯಲ್ಲಿದ್ದ ವಿಳಾಸಗಳನ್ನು ನೋಡಿ. ಕೆಲವದರ ಮೇಲೆ ಬರೇ ಜೂನಿಯರ್, ಯುಎಸ್ ಆರ್ಮಿ. ಇನ್ನು ಕೆಲವದರ ಮೇಲೆ ಬಸ್ಟರ್, ಯುಎಸ್ ಆರ್ಮಿ. ಅಷ್ಟೇ! ಪೂರ್ತಿ ಹೆಸರಿದ್ದರೂ ಸುಖವಿಲ್ಲ, ರಾಬರ್ಟ್ ಸ್ಮಿತ್ ಅನ್ನುವವರೇ 7,500ಕ್ಕೂ ಹೆಚ್ಚು. ಗೆಳೆಯನಿಗೆ ಗೆಳೆಯನ ಪೂರ್ತಿ ಹೆಸರು ಎಷ್ಟೋ ಸಲ ಗೊತ್ತೇ ಇರುವುದಿಲ್ಲ, ಅಲ್ವಾ? ಚಿಕ್ಕಂದಿನಿಂದ ಅಡ್ಡಹೆಸರಲ್ಲೇ ಕರೆದಿರುತ್ತೇವೆ. ಸೈನಿಕ ಸಂಖ್ಯೆ ಅಂತೂ ಕೇಳಲೇಬೇಡಿ. ಆ ಮಹಿಳೆಯರು ಸುಮಾರು 70 ಲಕ್ಷ ಕಾರ್ಡುಗಳ ಪಟ್ಟಿ ಇಟ್ಟುಕೊಂಡು, ಒಂದೇ ಹೆಸರಿನವರನ್ನು ಸೈನಿಕ ಸಂಖ್ಯೆಯಿಂದ ಬೇರೆ ಮಾಡಿ, ಸುಳಿವು ಹಿಡಿದು ಹುಡುಕಿದರು. ಒಳಗಿನ ಕಾಗದ ಹೆಂಡತಿಯದೋ, ಜೊತೆಯಲ್ಲಿ ಆಡಿದವನದೋ ಅಂತ ಅವರು ನೋಡಲಿಲ್ಲ. ಎಲ್ಲವೂ ತಲುಪಬೇಕಿತ್ತು. ಟಪಾಲು ಇಲ್ಲದಿದ್ದರೆ ಸೈನಿಕನ ಧೈರ್ಯ ಕುಗ್ಗುತ್ತದೆ ಅನ್ನುವುದೇ ಅವರ ಧ್ಯೇಯವಾಕ್ಯವಾಗಿತ್ತು. ಅವರಿಗೆ ಕಾಂಗ್ರೆಷನಲ್ ಗೋಲ್ಡ್ ಮೆಡಲ್ ಕೊಡುವ ಕಾನೂನಿಗೆ ಸಹಿ ಬಿದ್ದದ್ದು 2022ರಲ್ಲಿ. ಆ ಹೊತ್ತಿಗೆ ಅವರಲ್ಲಿ ಬದುಕಿದ್ದವರು ಬೆರಳೆಣಿಕೆಯಷ್ಟು.

ಇಷ್ಟು ಕಷ್ಟಪಟ್ಟು ತಲುಪಿಸಿದ ಗೆಳೆಯರ ಕಾಗದಗಳ ಒಳಗೆ ಏನಿರುತ್ತಿತ್ತು? ನಾನು ಓದಿದ ಮಟ್ಟಿಗೆ, ಬಹುಪಾಲು ಏನೂ ಇರುತ್ತಿರಲಿಲ್ಲ. ಯಾರು ಯಾರನ್ನು ನೋಡಲು ಹೋದ, ಯಾರ ಕೆಲಸ ಹೋಯಿತು, ಹಳೆಯ ಮೇಷ್ಟ್ರು ರಸ್ತೆಯಲ್ಲಿ ಸಿಕ್ಕಿ ಏನಂದರು, ತಂಡ ಮತ್ತೆ ಹೇಗೆ ಸೋತಿತು. ಸೈನಿಕರು ಕೇಳಿ ಕೇಳಿ ಬರೆಸಿಕೊಳ್ಳುತ್ತಿದ್ದದ್ದೂ ಇದನ್ನೇ. ನೀನು ಬಹಳ ಧೈರ್ಯವಂತ, ದೇಶಕ್ಕಾಗಿ ಹೋರಾಡುತ್ತಿದ್ದೀಯ ಅಂತ ಬರೆದ ಕಾಗದಗಳಿಗೆ ಅವರು ಮರ್ಯಾದೆಯಿಂದ ಎರಡು ಸಾಲು ಉತ್ತರ ಕೊಟ್ಟಿರುತ್ತಾರೆ. ಊರಿನ ಹರಟೆಗೆ ಮಾತ್ರ ಪುಟಗಟ್ಟಲೆ.

ನನ್ನ ಜೊತೆ ಓದಿದವನೊಬ್ಬ ಸೈನ್ಯದಲ್ಲಿದ್ದಾನೆ. ಅವನಿರುವ ಕಡೆ ಉದ್ವಿಗ್ನವಾದಾಗ ದಿನಗಟ್ಟಲೆ ಫೋನು ಸಿಗುವುದಿಲ್ಲ. ಒಮ್ಮೆ ಅಂಥ ದಿನಗಳು ಕಳೆದ ಮೇಲೆ ಅವನೇ ಕರೆ ಮಾಡಿದ. ನಾನು ಅಲ್ಲಿಯ ಪರಿಸ್ಥಿತಿ ಕೇಳಲು ಹೊರಟೆ. "ಲೋ, ಅದೆಲ್ಲ ಬಿಡೋ. ಇಲ್ಲಿ ದಿನವಿಡೀ ಅದೇ ಮಾತು. ನೀವೆಲ್ಲ ಏನ್ ಮಾಡ್ತಿದ್ದೀರ ಹೇಳು. ಇವತ್ತು ಬೆಳಿಗ್ಗೆಯಿಂದ ಏನೇನಾಯ್ತು ಅದನ್ನ ಹೇಳು" ಅಂದ. ನಾನು ಹೇಳಿದೆ. ಬೆಳಿಗ್ಗೆ ಬಸ್ಸು ತಪ್ಪಿದ್ದು, ಆಫೀಸಿನಲ್ಲಿ ಲಿಫ್ಟ್ ಕೆಟ್ಟದ್ದು, ನಮ್ಮಿಬ್ಬರಿಗೂ ಗೊತ್ತಿರುವವನೊಬ್ಬ ಗಡ್ಡ ಬಿಟ್ಟು ಗುರುತೇ ಸಿಗದಂತಾಗಿರುವುದು. ಅವನು ನಡುನಡುವೆ ಪ್ರಶ್ನೆ ಕೇಳಿದ. ಎಷ್ಟು ಉದ್ದದ ಗಡ್ಡ? ಬಿಳಿ ಕೂದಲು ಬಂದಿದ್ಯಾ? ಕರೆ ಕಡಿದುಹೋಗುವವರೆಗೂ ಅದೇ ಮಾತು.

ಆಮೇಲೆ ಹಳೆಯ ಸೈನಿಕರ ಕಾಗದ ಓದುವಾಗ ನನಗೆ ಇದು ಸ್ಪಷ್ಟವಾಗುತ್ತಾ ಹೋಯಿತು. ಯುದ್ಧದಲ್ಲಿ ಅವನು ಒಂದು ನಂಬರು, ಒಂದು ದರ್ಜೆ, ಒಂದು ಕೆಲಸ. ಮನೆಯವರಿಗೆ ಅವನು ಚಿಂತೆ, ಹರಕೆ, ಹೆಮ್ಮೆ. ಸುಮ್ನೆ ಇವನು ಇವನೇ ಅಂತ ಇರುವ ಜಾಗ ಗೆಳೆಯರ ನಡುವೆ ಮಾತ್ರ ಉಳಿದಿರುತ್ತದೆ. ಅವನಿಲ್ಲದಾಗಲೂ ಆ ಜಾಗ ಹಾಗೇ ಇದೆ, ಇನ್ಯಾರೂ ಬಂದು ಕೂತಿಲ್ಲ ಅಂತ ಅವನಿಗೆ ಆಗಾಗ ಗೊತ್ತಾಗುತ್ತಿರಬೇಕು. ಅದನ್ನು ನೇರವಾಗಿ ಬರೆದರೆ ನಾಟಕದ ಮಾತಾಗುತ್ತದೆ. ಗಡ್ಡದ ವಿಷಯ ಬರೆದರೆ ತಾನಾಗೇ ತಲುಪುತ್ತದೆ.

ಕೈದಿಯಾಗಿ ಸಿಕ್ಕಿಬಿದ್ದವನಿಗೆ ಈ ಹರಟೆಯೂ ರೇಷನ್ ಆಗುತ್ತದೆ. 1949ರ ಮೂರನೇ ಜಿನೀವಾ ಒಪ್ಪಂದದ 71ನೇ ವಿಧಿ ಪ್ರಕಾರ, ಸೆರೆಹಿಡಿದ ದೇಶ ಪತ್ರಗಳಿಗೆ ಮಿತಿ ಹಾಕುವುದೇ ಆದರೆ ತಿಂಗಳಿಗೆ ಎರಡು ಪತ್ರ, ನಾಲ್ಕು ಕಾರ್ಡುಗಳಿಗಿಂತ ಕಡಿಮೆ ಮಾಡುವಂತಿಲ್ಲ. ಎರಡು ಪತ್ರ ಅಂದರೆ ಅಪ್ಪ ಅಮ್ಮನಿಗೊಂದು, ಹೆಂಡತಿಗೊಂದು. ಮುಗಿಯಿತು. ಗೆಳೆಯರಿಗೆ ಹೆಚ್ಚೆಂದರೆ ಒಂದು ಕಾರ್ಡು, ಅದೂ ಎಲ್ಲರಿಗೂ ಸೇರಿಸಿ. ಅದಕ್ಕೇ ಮನೆಗೆ ಬಂದ ಪತ್ರದ ಕೊನೆಗೆ ಇವನಿಗೆ ಹೇಳಿ, ಅವನನ್ನು ಕೇಳಿದೆ ಅಂತ ಹೇಳಿ ಅಂತ ಹೆಸರುಗಳ ಒಂದು ಸಾಲು ಇರುತ್ತದೆ. ಮನೆಯವರು ಆ ಸಾಲನ್ನು ಮರೆಯದೆ ತಲುಪಿಸಿದರೆ ಅದು ದೊಡ್ಡ ಉಪಕಾರ. ತನ್ನ ಹೆಸರು ಆ ಸಾಲಿನಲ್ಲಿದೆ ಅಂತ ತಿಳಿದ ಗೆಳೆಯನ ಮುಖ ಅರಳುವುದನ್ನು ಯಾರೇ ಆದರೂ ಊಹಿಸಬಹುದು.

ವಿಯೆಟ್ನಾಂ ಯುದ್ಧದ ಹೊತ್ತಿಗೆ ದನಿಯೂ ಬಂತು. ಹ್ಯಾಮ್ ರೇಡಿಯೊ ಹವ್ಯಾಸಿಗಳು ಸೈನ್ಯದ ರೇಡಿಯೊ ಕರೆಯನ್ನು ಊರಿನ ಟೆಲಿಫೋನಿಗೆ ಜೋಡಿಸಿಕೊಡುತ್ತಿದ್ದರು. ಒಬ್ಬರು ಮಾತಾಡುವಾಗ ಇನ್ನೊಬ್ಬರ ದನಿ ಹೋಗುವುದಿಲ್ಲ. ಪ್ರತಿ ಮಾತಿನ ಕೊನೆಗೂ "ಓವರ್" ಅನ್ನಬೇಕು. ಹೇಗಿದ್ದೀಯ, ಓವರ್. ನಡುವೆ ಕೂತ ಆಪರೇಟರ್ ಎಲ್ಲ ಕೇಳಿಸಿಕೊಳ್ಳುತ್ತಿರುತ್ತಾನೆ. ಸಿಗುವ ಕೆಲವೇ ನಿಮಿಷ ಮನೆಗೇ ಸಾಲುತ್ತಿರಲಿಲ್ಲ. ಕೆಲವರು ಟೇಪಿನಲ್ಲಿ ಮಾತು ಮುದ್ರಿಸಿ ಅಂಚೆಯಲ್ಲಿ ಕಳಿಸುತ್ತಿದ್ದರು. ಗೆಳೆಯರ ಗುಂಪಿಗೆ ಅದು ಒಗ್ಗುವ ಸಾಧನ, ಎಲ್ಲರೂ ಸುತ್ತ ಕೂತು ಕೇಳಬಹುದು, ಎಲ್ಲರೂ ಒಬ್ಬೊಬ್ಬರಾಗಿ ಮಾತಾಡಿ ವಾಪಸ್ ಕಳಿಸಬಹುದು.

ಈಗ ಎಲ್ಲರ ಜೇಬಿನಲ್ಲೂ ಫೋನಿದೆ. ಕಷ್ಟ ಕಡಿಮೆಯಾಗಿದೆ ಅಂತ ನನಗೆ ಅನಿಸುವುದಿಲ್ಲ. ಉಕ್ರೇನಿನಲ್ಲಿ ಮುಂಚೂಣಿಯ ಸೈನಿಕರು ಎಷ್ಟೋ ಸಲ ಒಂದು ಪ್ಲಸ್ ಚಿಹ್ನೆ ಮಾತ್ರ ಕಳಿಸುತ್ತಾರೆ. ಬದುಕಿದ್ದೇನೆ ಅಂತ. ಎಲ್ಲ ಶಾಂತವಾಗಿದೆ ಅನ್ನಲು 4.5.0 ಅಂತ ರೇಡಿಯೊ ಸಂಕೇತವೊಂದಿದೆ, ಅದೂ ಜನರ ಮಾತಿನಲ್ಲಿ ಸೇರಿಹೋಗಿದೆ. ನೂರು ವರ್ಷದ ಹಿಂದೆ ಸಾಲು ಹೊಡೆದು ಕಳಿಸುತ್ತಿದ್ದ ಕಾರ್ಡು ಮಾಡಿದ್ದು ಇದೇ ಕೆಲಸ. ವ್ಯತ್ಯಾಸ ಇರುವುದು ಕಾಯುವವನಲ್ಲಿ. ಕಾಗದದ ಕಾಲದಲ್ಲಿ ದಿನಕ್ಕೆ ಒಂದು ಸಲ, ಅಂಚೆಯವನು ಬರುವ ಹೊತ್ತಿಗೆ ಎದೆ ಹೊಡೆದುಕೊಳ್ಳುತ್ತಿತ್ತು. ಈಗ ಪ್ರತಿ ಗಂಟೆಗೂ ಫೋನು ತೆಗೆದು ನೋಡುತ್ತೇವೆ. ಕೊನೆಯ ಸಲ ಯಾವಾಗ ಆನ್‌ಲೈನ್ ಇದ್ದ? ಒಂದೇ ಟಿಕ್ ಇದೆಯಾ, ಎರಡಾಯಿತಾ? ಟವರ್ ಇಲ್ಲದ ಕಡೆ ಹೋಗಿದ್ದಾನೋ, ಫೋನು ಇಟ್ಟುಕೊಳ್ಳಬೇಡಿ ಅಂದಿದ್ದಾರೋ, ಇನ್ನೇನೋ. ಆ ಒಂದು ಟಿಕ್ ಏನನ್ನೂ ಹೇಳುವುದಿಲ್ಲ.

ಫೋನು ಇಟ್ಟುಕೊಳ್ಳಬೇಡಿ ಅನ್ನುವುದಕ್ಕೆ ಕಾರಣವೂ ಇದೆ. 2023ರ ಹೊಸ ವರ್ಷದ ದಿನ, ರಷ್ಯಾದ ಹಿಡಿತದಲ್ಲಿದ್ದ ಪೂರ್ವ ಉಕ್ರೇನಿನ ಮಾಕಿಯಿವ್ಕಾ ಪಟ್ಟಣದಲ್ಲಿ ರಷ್ಯಾದ ಸೈನಿಕರು ತಂಗಿದ್ದ ಕಟ್ಟಡಕ್ಕೆ ಉಕ್ರೇನಿನ ರಾಕೆಟ್ ಬಿತ್ತು. 89 ಮಂದಿ ಸತ್ತರು ಅಂತ ರಷ್ಯಾದ ರಕ್ಷಣಾ ಸಚಿವಾಲಯ ಹೇಳಿತು. ಸತ್ತವರ ಸಂಖ್ಯೆ ಇನ್ನೂ ಬಹಳ ಹೆಚ್ಚು ಅಂತ ಉಕ್ರೇನ್ ಹೇಳಿತು. ಸೈನಿಕರು ನಿಷೇಧ ಮೀರಿ ಮೊಬೈಲ್ ಬಳಸಿದ್ದೇ ಮುಖ್ಯ ಕಾರಣ ಅಂತಲೂ ಸಚಿವಾಲಯ ದೂರಿತು. ತಪ್ಪನ್ನು ಸತ್ತವರ ತಲೆಗೆ ಕಟ್ಟುವುದು ಅಧಿಕಾರಿಗಳಿಗೆ ಸುಲಭ ಅನ್ನುವ ಟೀಕೆಯೂ ಬಂತು, ಅದರಲ್ಲಿ ಹುರುಳಿದೆ ಅಂತ ನನ್ನ ಅಭಿಪ್ರಾಯ. ಆದರೆ ಫೋನು ಇರುವ ಜಾಗ ಹೇಳಿಕೊಡುತ್ತದೆ ಅನ್ನುವುದು ನಿಜವೇ. 2018ರ ಜನವರಿಯಲ್ಲಿ, ಓಡುವವರು ಬಳಸುವ ಸ್ಟ್ರಾವಾ ಆ್ಯಪ್ ಪ್ರಕಟಿಸಿದ್ದ ನಕ್ಷೆಯಲ್ಲಿ ದೂರದ ಸೇನಾ ನೆಲೆಗಳ ಆಕಾರ ಬೆಳಕಿನ ಗೆರೆಗಳಾಗಿ ಕಂಡಿದ್ದವು. ಸೈನಿಕರು ಬೆಳಿಗ್ಗೆ ಓಡಿದ ದಾರಿ ಅದು.

ಹಾಗಾಗಿ ಊರಿನಲ್ಲಿರುವ ಗೆಳೆಯರಿಗೂ ಈಗ ಒಂದು ಹೊಣೆ ಇದೆ. ಎಲ್ಲಿದ್ದೀಯ ಅಂತ ಕೇಳಬಾರದು. ಫೋಟೊ ಕಳಿಸು ಅನ್ನಬಾರದು. ಅವನು ಕಳಿಸಿದರೂ ಗುಂಪಿನಲ್ಲಿ ಹಂಚಬಾರದು. ಇದನ್ನೆಲ್ಲ ಪಾಲಿಸಿದರೂ ಮಾತಿಗೆ ಬೇಕಾದಷ್ಟು ವಿಷಯ ಉಳಿಯುತ್ತದೆ.

ಅವನು ಮರಳಿ ಬಂದ ಮೇಲಿನ ಕಷ್ಟ ಬೇರೆಯೇ ಇದೆ. ಯುದ್ಧದಿಂದ ಬಂದವರು ಹಳೆಯ ಗೆಳೆಯರ ನಡುವೆ ಕೂತು ಮಾತು ಹೊಳೆಯದೆ ಎದ್ದುಹೋಗುವುದು ಎಲ್ಲ ದೇಶಗಳಲ್ಲೂ ಕಂಡದ್ದೇ. ಅವನು ನೋಡಿದ್ದನ್ನು ಇವರು ನೋಡಿಲ್ಲ. ಇವರು ಕಳೆದ ವರ್ಷಗಳಲ್ಲಿ ಅವನಿರಲಿಲ್ಲ. ಇಲ್ಲೇ ಉಳಿದವನಿಗೂ ಒಳಗೊಂದು ಚುಚ್ಚು ಇರುತ್ತದೆ, ಅವನು ಅಲ್ಲಿದ್ದಾಗ ನಾನು ಆರಾಮಾಗಿದ್ದೆ ಅಂತ. ಹಾಗಾಗಿ ಇಬ್ಬರೂ ತಪ್ಪಿಸಿಕೊಂಡು ಓಡಾಡುತ್ತಾರೆ. ಕಾಗದ ನಿಲ್ಲದೆ ನಡೆದಿದ್ದರೆ ಇದು ಸ್ವಲ್ಪವಾದರೂ ಹಗುರವಾಗುತ್ತದೆ ಅಂತ ನಂಬಿದ್ದೇನೆ. ಹೊಸದಾಗಿ ಪರಿಚಯ ಮಾಡಿಕೊಳ್ಳಬೇಕಾಗುವುದಿಲ್ಲ. ಗಡ್ಡ ಬಿಟ್ಟವನು ಎದುರು ಬಂದರೆ ಅವನ ಗಡ್ಡದ ಕತೆ ಇವನಿಗೂ ಗೊತ್ತಿರುತ್ತದೆ, ನಗುವುದಕ್ಕೆ ಅಷ್ಟು ಸಾಕು.

ನಿಮಗೂ ಇಂಥ ಒಬ್ಬ ಗೆಳೆಯ, ಗೆಳತಿ ಇದ್ದರೆ ಸಾಧ್ಯವಾದರೆ ಕೈಯಲ್ಲೇ ಬರೆಯಿರಿ. ಮೆಸೇಜು ನೆಟ್‌ವರ್ಕ್ ಇದ್ದಾಗ ಮಾತ್ರ ಓದಲು ಸಿಗುತ್ತದೆ, ಕಾಗದ ಜೇಬಿನಲ್ಲಿರುತ್ತದೆ. ಪೂರ್ತಿ ಹೆಸರು, ನಂಬರು, ಯುನಿಟ್ಟು, ಅಂಚೆ ಸಂಖ್ಯೆ ಎಲ್ಲವನ್ನೂ ಒಮ್ಮೆ ಸರಿಯಾಗಿ ಕೇಳಿ ಬರೆದಿಟ್ಟುಕೊಳ್ಳಿ. ಅವರ ಮನೆಯವರ ಫೋನ್ ನಂಬರೂ ಇರಲಿ. ಬರೆಯುವಾಗ ಧೈರ್ಯ ತುಂಬುವ ಮಾತು ಹುಡುಕಬೇಡಿ. ವಾರದಲ್ಲಿ ನಡೆದದ್ದನ್ನು ನಡೆದ ಹಾಗೇ ಬರೆಯಿರಿ. ನಾನಂತೂ ಉತ್ತರಕ್ಕೆ ಕಾಯದೆ ಮುಂದಿನದನ್ನು ಬರೆದು ಹಾಕುತ್ತೇನೆ. ಅವನ ಕಾಗದಗಳು ತಡವಾಗಿ, ಹಿಂದು ಮುಂದಾಗಿ ಬರುತ್ತವೆ. ಎರಡು ತಿಂಗಳ ಹಿಂದೆ ನಾನು ಕೇಳಿದ್ದ ಪ್ರಶ್ನೆಗೆ ಮೊನ್ನೆ ಉತ್ತರ ಬಂತು. ಪ್ರಶ್ನೆ ಏನಿತ್ತು ಅಂತ ನನಗೇ ಮರೆತಿತ್ತು, ಅವನಿಗೆ ನೆನಪಿತ್ತು.